ವೇಗ ಬದಲಿಸುವ ಜನರೇಟರು: ತುಂಗಭದ್ರೆಯ ದಡದಲ್ಲಿ ಹೊಳೆದ ವಿಚಾರ

ಕಳೆದ ಮಹಾಸಭೆಯಲ್ಲಿ ಗೊಬ್ಬರದ ದಾಸ್ತಾನು, ಮೈಲುತುತ್ತದ ಖರೀದಿ, ಕಾಳುಮೆಣಸಿನ ದರ ಇವೆಲ್ಲ ಮುಗಿದ ಮೇಲೆ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಶರಾವತಿ ಕಣಿವೆಯಲ್ಲಿ ಕೆಳಗಿನ ನೀರನ್ನು ಮೇಲಕ್ಕೆತ್ತಿ, ಅದನ್ನೇ ಮತ್ತೆ ಕೆಳಕ್ಕೆ ಬಿಟ್ಟು ಕರೆಂಟು ತೆಗೆಯುತ್ತಾರಂತೆ. ಎತ್ತುವುದಕ್ಕೂ ಕರೆಂಟೇ ಬೇಕಲ್ಲ ಸೆಕ್ರೆಟರಿಗಳೇ, ಇದರಲ್ಲಿ ಲಾಭ ಯಾರಿಗೆ?" ಸಭೆ ನಕ್ಕಿತು. ನಾವೂ ನಕ್ಕೆವು. ಆದರೆ ಸಮರ್ಪಕವಾದ ಉತ್ತರ ಮಾತ್ರ ಅಂದು ನಮ್ಮಲ್ಲಿ ಇರಲಿಲ್ಲ.

ಪ್ರಶ್ನೆ ಹಗುರವಾದದ್ದಲ್ಲ. ಕಣಿವೆ ನಮ್ಮ ಕಡೆಯದು, ಕಾಡು ನಮ್ಮ ಕಡೆಯದು, ಅಲ್ಲಿ ತೋಟ ಮಾಡಿಕೊಂಡಿರುವವರು ನಮ್ಮಂಥ ಅಡಿಕೆ ಬೆಳೆಗಾರರೇ. ಇನ್ನೊಂದು ಕಡೆ, ಹೂಮಳೆ ತಡವಾದ ವರ್ಷ ರೋಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರು ಹಾಕಲು ತ್ರೀಫೇಸ್ ಕರೆಂಟಿಗಾಗಿ ರಾತ್ರಿಯೆಲ್ಲ ಎದ್ದು ಕುಳಿತವರೂ ನಾವೇ. 2023ರ ಬರದಲ್ಲಿ ಪಂಪ್‌ಸೆಟ್ಟಿನ ಕರೆಂಟು ದಿನಕ್ಕೆ ಐದು ಗಂಟೆಗೆ ಇಳಿದದ್ದನ್ನು ಯಾರೂ ಮರೆತಿಲ್ಲ. ಹೀಗಾಗಿ ಈ ವಿಷಯವನ್ನು ಬೇಕು ಬೇಡ ಎಂದು ಕೂಗುವ ಮೊದಲು ತಿಳಿದುಕೊಳ್ಳುವುದು ಒಳ್ಳೆಯದೆಂದು ತೋರಿತು.

ಅನಂತರ ಬೇಸಿಗೆಯ ಕೊನೆಯಲ್ಲಿ ಸಂಘದ ಹತ್ತು ಹನ್ನೆರಡು ಮಂದಿ ಸದಸ್ಯರೊಡನೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಕಡೆ ಪ್ರವಾಸ ಹೋಗಿಬಂದೆವು. ದೇವಸ್ಥಾನ ನೋಡುವುದಕ್ಕೆಂದು ಹೋದವರು ಮೋಟಾರಿನ ವಿಚಾರ ತಲೆಯಲ್ಲಿ ತುಂಬಿಕೊಂಡು ಬಂದೆವು. ಅದನ್ನೇ ಇಲ್ಲಿ ಬರೆದಿದ್ದೇವೆ.

ಅಣೆಕಟ್ಟಿನ ಮೇಲೆ ನಿಂತಾಗ

ಗಂಗಾಮೂಲದಲ್ಲಿ ಹುಟ್ಟಿ, ಒಂದು ಶೃಂಗೇರಿ ತೀರ್ಥಹಳ್ಳಿಗಳ ಮೇಲೆ, ಇನ್ನೊಂದು ಕಳಸ ಬಾಳೆಹೊನ್ನೂರುಗಳ ಮೇಲೆ ಹರಿದು, ಕೂಡಲಿಯಲ್ಲಿ ಒಂದಾಗುವ ಎರಡು ಹೊಳೆಗಳ ನೀರು ಹೊಸಪೇಟೆಯಲ್ಲಿ ಬಂದು ನಿಲ್ಲುತ್ತದೆ. ನಮ್ಮ ತೋಟದ ಕಪ್ಪಿನಲ್ಲಿ ಜೂನ್ ತಿಂಗಳಲ್ಲಿ ಕೆಂಪಗೆ ಹರಿದುಹೋಗುವ ನೀರೇ ಕಂಪ್ಲಿಯ ಗದ್ದೆಗೂ ಬಾಳೆತೋಟಕ್ಕೂ ಸಿಗುವುದು. ಆದ್ದರಿಂದ ತುಂಗಭದ್ರಾ ಅಣೆಕಟ್ಟು ನಮಗೆ ಪರಸ್ಥಳವೆನಿಸಲಿಲ್ಲ.

ಈ ಅಣೆಕಟ್ಟಿಗೆ 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಂತಿತು. 33 ಕ್ರೆಸ್ಟ್ ಗೇಟುಗಳು. ತುಂಬಿದ ಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಕಟ್ಟಿದಾಗ 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಆ ಹೂಳಿನಲ್ಲಿ ನಮ್ಮ ಮಲೆನಾಡಿನ ಮಣ್ಣಿನ ಪಾಲೂ ಇದೆಯೆಂಬುದನ್ನು ಒಪ್ಪಿಕೊಳ್ಳಲೇಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು, ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ್ದು ಎಲ್ಲರೂ ಓದಿದ ಸುದ್ದಿ.

ನಾವು ನೋಡಬೇಕೆಂದಿದ್ದುದು ವಿದ್ಯುದಾಗಾರದ ಸಂಗತಿ. ಅಣೆಕಟ್ಟಿನ ಬುಡದಲ್ಲಿ ಬಲದಂಡೆಯ ಕಡೆ 9 ಮೆಗಾವಾಟಿನ ನಾಲ್ಕು ಯಂತ್ರಗಳು. ಅಲ್ಲಿಂದ ಹೊರಟ ಕಾಲುವೆಯ ಮೇಲೆ ಹಂಪಿಯ ಬಳಿ ಮತ್ತೆ 9 ಮೆಗಾವಾಟಿನ ನಾಲ್ಕು. ಎಡದಂಡೆಯ ಮುನಿರಾಬಾದಿನಲ್ಲಿ 28 ಮೆಗಾವಾಟಿನ ಇನ್ನೊಂದು ವಿದ್ಯುದಾಗಾರ. ಎಲ್ಲ ಸೇರಿದರೆ 100 ಮೆಗಾವಾಟು. ನಾವು ಹೋದಾಗ ಬೇಸಿಗೆ. ಆಗಸ್ಟಿನಲ್ಲಿ ಸಮುದ್ರದಂತೆ ಕಾಣುವ ಜಲಾಶಯ ಆಗ ಅಂಚಿನಿಂದ ಬಹುದೂರ ಸರಿದು, ದಂಡೆಯಲ್ಲಿ ಕುರಿ ಮೇಯುತ್ತಿದ್ದವು.

ಅಲ್ಲಿಯೇ ನಮ್ಮ ಜೊತೆಗಿದ್ದ ಸದಸ್ಯರೊಬ್ಬರು ಒಂದು ಮಾತೆತ್ತಿದರು. ಜಲಾಶಯ ತುಂಬಿದಾಗ ನೀರು ಹೆಚ್ಚು ಎತ್ತರದಿಂದ ಬೀಳುತ್ತದೆ, ಬೇಸಿಗೆಯಲ್ಲಿ ಕಡಿಮೆ ಎತ್ತರದಿಂದ. ಹಾಗಿದ್ದಮೇಲೆ ಯಂತ್ರ ಮಳೆಗಾಲದಲ್ಲಿ ಜೋರಾಗಿಯೂ ಬೇಸಿಗೆಯಲ್ಲಿ ನಿಧಾನವಾಗಿಯೂ ತಿರುಗಬೇಕಲ್ಲವೇ? ಕೇಳಿದರೆ ಸರಿ ಅನ್ನಿಸುತ್ತದೆ. ಆದರೆ ಹಾಗಾಗುವುದಿಲ್ಲ. ಇಂಥ ಜನರೇಟರು ನೀರಿನ ಮಟ್ಟ ಎಷ್ಟೇ ಇರಲಿ, ವರ್ಷವಿಡೀ ಒಂದೇ ವೇಗದಲ್ಲಿ ತಿರುಗುತ್ತದೆ. ಈ ಲೇಖನದ ತಿರುಳೆಲ್ಲ ಈ ಒಂದು ಮಾತಿನಲ್ಲಿದೆ.

ಒಂದೇ ತಾಳ

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಜಾಲದೊಡನೆ ಕೂಡಿಕೊಂಡ ಮೇಲೆ, ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಜಾಲಕ್ಕೆ ನೇರ ಕೂಡಿದ ದೊಡ್ಡ ಜನರೇಟರುಗಳೆಲ್ಲ ಒಂದೇ ತಾಳಕ್ಕೆ ಹೆಜ್ಜೆ ಹಾಕಬೇಕು. ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ ಸುಲಭ: 6000ವನ್ನು ಯಂತ್ರದ ಕಾಂತಧ್ರುವಗಳ ಸಂಖ್ಯೆಯಿಂದ ಭಾಗಿಸಿದರಾಯಿತು. ನಾಲ್ಕು ಧ್ರುವವಿದ್ದರೆ 1500 ಸುತ್ತು, 28 ಧ್ರುವವಿದ್ದರೆ 214. ಒಮ್ಮೆ ಕಟ್ಟಿದ ಮೇಲೆ ಧ್ರುವ ಬದಲಾಗದು, ವೇಗವೂ ಬದಲಾಗದು.

ನಿಮ್ಮ ತೋಟದ ಮೋಟಾರಿನ ತಗಡನ್ನು ಓದಿ ನೋಡಿ. ಅದರ ಮೇಲೆ 1500 ಎಂದಿರುವುದಿಲ್ಲ. 1440 ಎಂದೋ, ಅದರ ಆಸುಪಾಸಿನಲ್ಲೋ ಇರುತ್ತದೆ. ಇದು ಇಂಡಕ್ಷನ್ ಮೋಟಾರು. ಒಳಗಿನ ಕಾಂತಕ್ಷೇತ್ರ 1500 ಸುತ್ತು ತಿರುಗುತ್ತಿದ್ದರೆ ರೋಟರು 60 ಸುತ್ತು ಹಿಂದೆ ಬಿದ್ದು ಓಡುತ್ತದೆ. ಹೀಗೆ ಹಿಂದೆ ಬೀಳುವುದಕ್ಕೆ ಸ್ಲಿಪ್ ಎನ್ನುತ್ತಾರೆ. ಈ ಸ್ಲಿಪ್ ಅನ್ನು ನಮ್ಮ ಇಷ್ಟದಂತೆ ಹೆಚ್ಚು ಕಡಿಮೆ ಮಾಡಲು ಬಂದರೆ? ಹಿಂದೆ ಬೀಳುವುದು ಮಾತ್ರವಲ್ಲ, ಬೇಕಾದಾಗ ಮುಂದೆಯೂ ಓಡುವಂತಾದರೆ? ಹಾಗೆ ಮಾಡಿದ ದೊಡ್ಡ ಯಂತ್ರವೇ ವೇಗ ಬದಲಿಸುವ ಜನರೇಟರು.

ಹರಿಗೋಲಿನ ಪಾಠ

ಇದು ಹೇಗೆ ಸಾಧ್ಯವೆಂಬುದನ್ನು ಕಾಗದದ ಮೇಲೆ ಎಷ್ಟು ಬರೆದರೂ ನಮಗೆ ಪೂರ್ತಿ ಹಿಡಿದಿರಲಿಲ್ಲ. ಹಂಪಿಯ ತಳವಾರಘಟ್ಟದಲ್ಲಿ ಹರಿಗೋಲು ಹತ್ತಿದಾಗ ಹಿಡಿಯಿತು. ನಡುಹೊಳೆಯಲ್ಲಿ ಹುಟ್ಟು ಹಾಕುವಾತ, "ಗಟ್ಟಿ ಹಿಡ್ಕೊಳ್ರಿ ಯಜಮಾನ್ರೆ, ತಿರುಗಿಸ್ತೀನಿ" ಎಂದು ಹೇಳಿ ಹರಿಗೋಲನ್ನು ಬುಗುರಿಯಂತೆ ಸುತ್ತಿಸಿದ.

ಈಗ ಹೀಗೆ ಊಹಿಸಿಕೊಳ್ಳಿ. ದಡದಲ್ಲಿ ನಿಂತವನಿಗೆ ಹರಿಗೋಲಿನಲ್ಲಿರುವ ಒಬ್ಬ ಮನುಷ್ಯ ನಿಮಿಷಕ್ಕೆ ಸರಿಯಾಗಿ ಹತ್ತು ಸುತ್ತು ತಿರುಗಿದಂತೆ ಕಾಣಬೇಕು. ಹರಿಗೋಲೇ ಹತ್ತು ಸುತ್ತು ತಿರುಗಿದರೆ ಆತ ಸುಮ್ಮನೆ ಕುಳಿತರೆ ಸಾಕು. ಹರಿಗೋಲು ಒಂಬತ್ತೇ ಸುತ್ತು ತಿರುಗಿದರೆ ಆತ ಎದ್ದು ಅದರೊಳಗೆ ಅದೇ ದಿಕ್ಕಿಗೆ ಒಂದು ಸುತ್ತು ನಡೆಯಬೇಕು: ಒಂಬತ್ತು ಮತ್ತು ಒಂದು, ಹತ್ತು. ಹರಿಗೋಲು ಹನ್ನೊಂದು ಸುತ್ತು ತಿರುಗಿದರೆ ಆತ ಹಿಮ್ಮುಖವಾಗಿ ಒಂದು ಸುತ್ತು ನಡೆಯಬೇಕು: ಹನ್ನೊಂದರಲ್ಲಿ ಒಂದು ಕಳೆದರೆ ಹತ್ತು. ಹರಿಗೋಲಿನ ವೇಗ ಏನೇ ಆಗಲಿ, ದಡದವನ ಲೆಕ್ಕ ಮಾತ್ರ ತಪ್ಪುವುದಿಲ್ಲ.

ಹರಿಗೋಲು ಎಂದರೆ ರೋಟರು, ಒಳಗೆ ನಡೆಯುವವನೇ ಅದರ ಕಾಂತಕ್ಷೇತ್ರ, ದಡದವನು ನಮ್ಮ ವಿದ್ಯುತ್ ಜಾಲ. ಸಾಮಾನ್ಯ ಜನರೇಟರಿನ ರೋಟರಿಗೆ ನೇರ ವಿದ್ಯುತ್ತನ್ನು, ಅಂದರೆ ಬ್ಯಾಟರಿಯಿಂದ ಬರುವಂಥದನ್ನು, ಹರಿಸುತ್ತಾರೆ. ಅದರ ಕಾಂತಕ್ಷೇತ್ರ ಕುಳಿತಲ್ಲಿಯೇ ಕುಳಿತಿರುತ್ತದೆ. ವೇಗ ಬದಲಿಸುವ ಯಂತ್ರದ ರೋಟರಿಗೆ ಮೂರು ಫೇಸಿನ ಸುರುಳಿ ಸುತ್ತಿ, ಸ್ಲಿಪ್ ರಿಂಗುಗಳ ಮೂಲಕ, ಸೆಕೆಂಡಿಗೆ ನಾಲ್ಕೈದು ಆವರ್ತದ ನಿಧಾನವಾದ ವಿದ್ಯುತ್ತನ್ನು ಕೊಡುತ್ತಾರೆ. ಆಗ ಕಾಂತಕ್ಷೇತ್ರ ರೋಟರಿನ ಮೇಲೆಯೇ ನಡೆಯತೊಡಗುತ್ತದೆ. ಈ ನಿಧಾನವಾದ ವಿದ್ಯುತ್ತನ್ನು ತಯಾರಿಸುವ ಉಪಕರಣಕ್ಕೆ ಕನ್ವರ್ಟರು ಎಂದು ಹೆಸರು. ವೇಗವನ್ನು ಶೇಕಡ ಹತ್ತರಷ್ಟು ಹೆಚ್ಚು ಕಡಿಮೆ ಮಾಡಬೇಕಾದರೆ ಕನ್ವರ್ಟರಿನ ಮೂಲಕ ಹಾಯುವುದೂ ಒಟ್ಟು ಶಕ್ತಿಯ ಹತ್ತನೇ ಒಂದು ಪಾಲಿನಷ್ಟೇ. ಇದರಿಂದಲೇ ಭಾರಿ ಯಂತ್ರಗಳಿಗೆ ಈ ಪದ್ಧತಿ ಒಗ್ಗಿತು.

ಎತ್ತಿ ಇಳಿಸುವ ಲೆಕ್ಕ

ಇನ್ನು ನಮ್ಮ ಹಿರಿಯ ಸದಸ್ಯರ ಮೂಲ ಪ್ರಶ್ನೆಗೆ ಬರೋಣ. ನೀರನ್ನು ಎತ್ತಿ ಇಳಿಸುವುದರಲ್ಲಿ ನಷ್ಟವಿದೆ, ಸಂಶಯವಿಲ್ಲ. ಎತ್ತುವಾಗ ನಾಲ್ಕು ಯೂನಿಟ್ ಖರ್ಚಾದರೆ ಇಳಿಸುವಾಗ ಮೂರು ಯೂನಿಟ್ ಅಥವಾ ಸ್ವಲ್ಪ ಹೆಚ್ಚು ಕೈಗೆ ಬರುತ್ತದೆ. ಹಾಗಾದರೂ ಏಕೆ ಮಾಡುತ್ತಾರೆಂದರೆ, ಆ ನಾಲ್ಕು ಯೂನಿಟ್ ಯಾರಿಗೂ ಬೇಡದ ಹೊತ್ತಿನವು, ಈ ಮೂರು ಯೂನಿಟ್ ಎಲ್ಲರಿಗೂ ಬೇಕಾದ ಹೊತ್ತಿನವು. ಕೊಯ್ಲಿನ ಕಾಲದಲ್ಲಿ ಅಡಿಕೆಯನ್ನು ಗೋದಾಮಿನಲ್ಲಿಟ್ಟು ದರ ಬಂದಾಗ ಮಾರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋದಾಮಿನಲ್ಲಿ ತೂಕ ಸ್ವಲ್ಪ ಇಳಿಯುತ್ತದೆ; ಆದರೂ ಇಡುತ್ತೇವೆ.

ಕರ್ನಾಟಕದಲ್ಲಿ ಈ ಬೇಡದ ಹೊತ್ತು ಹೊಸದಾಗಿ ಹುಟ್ಟಿಕೊಂಡದ್ದು. ಪಾವಗಡದಲ್ಲಿ ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟಿನ ಸೌರ ವಿದ್ಯುತ್ ಕೇಂದ್ರವಿದೆ. ಚಿತ್ರದುರ್ಗ, ಗದಗ, ಬಳ್ಳಾರಿಯ ಕಡೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿವೆ. ಹೊಸಪೇಟೆಗೆ ಹೋಗುವ ದಾರಿಯುದ್ದಕ್ಕೂ ಅವು ನಮಗೆ ಕಂಡವು. ಮಧ್ಯಾಹ್ನ ಬಿಸಿಲಿನಲ್ಲಿ ವಿದ್ಯುತ್ತು ಧಾರಾಳ. ಸೂರ್ಯ ಮುಳುಗಿ ಮನೆಮನೆಯಲ್ಲಿ ದೀಪ ಹತ್ತುವ ಹೊತ್ತಿಗೆ ಅದೇ ವಿದ್ಯುತ್ತು ಇಲ್ಲ. ಮಧ್ಯಾಹ್ನದ್ದನ್ನು ಸಂಜೆಗೆ ಇಟ್ಟುಕೊಳ್ಳಲು ಒಂದು ಗೋದಾಮು ಬೇಕು. ಮೇಲೊಂದು ಕೆರೆ, ಕೆಳಗೊಂದು ಕೆರೆ, ನಡುವೆ ಪಂಪೂ ಟರ್ಬೈನೂ ಎರಡೂ ಆಗಬಲ್ಲ ಒಂದು ಯಂತ್ರ: ಇದೇ ಪಂಪ್ಡ್ ಸ್ಟೋರೇಜ್.

ಗೋದಾಮಿನ ಅಳತೆ ನೆನಪಿಡಲು ಒಂದು ಸುಲಭ ಸೂತ್ರವಿದೆ. ಒಂದು ಘನ ಮೀಟರ್, ಅಂದರೆ ಸಾವಿರ ಲೀಟರ್ ನೀರು, 367 ಮೀಟರ್ ಎತ್ತರದಿಂದ ಬಿದ್ದರೆ ಅದರಲ್ಲಿರುವ ಶಕ್ತಿ ಸರಿಯಾಗಿ ಒಂದು ಯೂನಿಟ್. ಎತ್ತರ ಹತ್ತನೇ ಒಂದು ಭಾಗವಾದರೆ ಅದೇ ಒಂದು ಯೂನಿಟ್ಟಿಗೆ ಹತ್ತು ಸಾವಿರ ಲೀಟರ್ ಬೇಕು. ಆದ್ದರಿಂದ ನೀರು ಎಷ್ಟಿದೆ ಎನ್ನುವುದಕ್ಕಿಂತ ಬೆಟ್ಟ ಎಷ್ಟು ಎತ್ತರವಿದೆ ಎನ್ನುವುದು ಮುಖ್ಯ. ತುಂಗಭದ್ರಾ ಜಲಾಶಯದಲ್ಲಿ ನೀರು ಅಪಾರ, ಎತ್ತರ ಅಲ್ಪ. ಅಲ್ಲಿಂದ ಸ್ವಲ್ಪ ದೂರದ ಸಂಡೂರಿನಲ್ಲಿ ನಾರಿಹಳ್ಳದ ಜಲಾಶಯ ಚಿಕ್ಕದು, ಸುತ್ತಲಿನ ಬೆಟ್ಟ ಮಾತ್ರ ಬಯಲಿನಿಂದ ನೆಟ್ಟಗೆ ಎದ್ದು ನಿಂತಿದೆ. ಬೆಟ್ಟದಾಚೆ ತೋರಣಗಲ್ಲಿನಲ್ಲಿ ಹಗಲು ರಾತ್ರಿ ವಿದ್ಯುತ್ತು ಬೇಡುವ ಉಕ್ಕಿನ ಕಾರ್ಖಾನೆ. ಎಂಜಿನಿಯರರು ಹುಡುಕುವುದು ಇಂಥ ನೆಲವನ್ನೇ. ಆದರೆ ಬೆಟ್ಟ ಅಗೆಯುವುದೆಂದರೆ ಏನೆಂಬುದನ್ನು ಸಂಡೂರು ಕಂಡಿದೆ. 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವೇ ನಿಲ್ಲಿಸಬೇಕಾಗಿ ಬಂದಿತ್ತು.

ಒಂದೇ ವೇಗದ ಪಂಪಿನ ತೊಡಕು

ಗೋದಾಮಿದ್ದರೆ ಸಾಲದು, ಅದರ ಬಾಗಿಲೂ ಸರಿಯಿರಬೇಕು. ವೇಗದ ಮಾತು ಬರುವುದು ಇಲ್ಲಿಯೇ.

ಒಂದೇ ವೇಗದ ಪಂಪು ನಮ್ಮ ಹಳೆಯ ಐದು ಅಶ್ವಶಕ್ತಿಯ ಪಂಪಿನಂತೆ. ಸ್ಟಾರ್ಟರು ಒತ್ತಿದರೆ ಪೂರ್ತಿ ಓಡುತ್ತದೆ, ಇಲ್ಲವೇ ನಿಲ್ಲುತ್ತದೆ. ಅರ್ಧ ಓಡು ಎಂದರೆ ಓಡದು. 250 ಮೆಗಾವಾಟಿನ ಪಂಪೂ ಹಾಗೆಯೇ: ಎತ್ತುವಾಗ ಅದಕ್ಕೆ ಹೆಚ್ಚು ಕಡಿಮೆ 250 ಮೆಗಾವಾಟು ಪೂರ್ತಿ ಬೇಕು. ಒಂದು ಮಧ್ಯಾಹ್ನ 600 ಮೆಗಾವಾಟು ಉಳಿದಿದೆಯೆನ್ನಿ. ಎರಡು ಪಂಪು ಓಡಿಸಿದರೆ 500 ಖರ್ಚಾಯಿತು. ಉಳಿದ ನೂರಕ್ಕೆ ಮೂರನೆಯದನ್ನು ಹೊರಡಿಸುವಂತಿಲ್ಲ. ಅಷ್ಟರಲ್ಲಿ ಪಾವಗಡದ ಮೇಲೆ ಮೋಡ ಕವಿದು 60 ಮೆಗಾವಾಟು ಇಳಿದರೆ, ಎತ್ತುತ್ತಿರುವ ಪಂಪು ಅದನ್ನು ಅನುಸರಿಸಿ ತಗ್ಗುವಂತಿಲ್ಲ. ಏರಿಳಿತವನ್ನು ತುಂಬಿಕೊಡಲು ಬೇರೆಲ್ಲೋ ಕಲ್ಲಿದ್ದಲ ಕೇಂದ್ರವನ್ನೋ ಇನ್ನೊಂದು ಜಲವಿದ್ಯುತ್ ಯಂತ್ರವನ್ನೋ ಕಾವಲು ಇಟ್ಟಿರಬೇಕು.

ವೇಗ ಬದಲಿಸುವ ಪಂಪು ನಮ್ಮಲ್ಲಿ ಕೆಲವರು ಹಾಕಿಸಿಕೊಂಡಿರುವ ಸೋಲಾರ್ ಪಂಪಿನಂತೆ. ಅದರ ಡ್ರೈವ್ ಪೆಟ್ಟಿಗೆಯನ್ನು ಗಮನಿಸಿದವರಿಗೆ ಗೊತ್ತು: ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ಮೋಟಾರು ನಿಧಾನವಾಗಿ ಶುರುವಾಗಿ, ಬಿಸಿಲಿನ ಜೊತೆ ವೇಗ ಕೂಡಿಸಿಕೊಂಡು, ಮೋಡ ಬಂದರೆ ತಗ್ಗಿ, ಮತ್ತೆ ಏರುತ್ತದೆ. ಪಂಪಿನ ನಿಯಮ ಹೀಗಿದೆ: ವೇಗ ಇಳಿದಷ್ಟೇ ಪ್ರಮಾಣದಲ್ಲಿ ನೀರು ಇಳಿಯುತ್ತದೆ, ಎತ್ತುವ ಎತ್ತರ ವೇಗದ ವರ್ಗದಂತೆ, ಬೇಕಾಗುವ ಶಕ್ತಿ ವೇಗದ ಘನದಂತೆ ಇಳಿಯುತ್ತದೆ. ವೇಗವನ್ನು ಹತ್ತರಲ್ಲಿ ಒಂಬತ್ತು ಪಾಲಿಗೆ ತಂದರೆ ಶಕ್ತಿ ನೂರರಲ್ಲಿ 73ಕ್ಕೆ ಬರುತ್ತದೆ. ಅಂದರೆ ವೇಗದಲ್ಲಿ ಸ್ವಲ್ಪ, ಶಕ್ತಿಯಲ್ಲಿ ಬಹಳ. ಹೀಗೆ 250 ಮೆಗಾವಾಟಿನ ಯಂತ್ರ ಹೆಚ್ಚು ಕಡಿಮೆ 175ರಿಂದ 250ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಲ್ಲದು. ಅದೇ 600 ಮೆಗಾವಾಟಿಗೆ ಮೂರು ಯಂತ್ರಗಳನ್ನು ತಲಾ 200ರಂತೆ ಓಡಿಸಬಹುದು. ಮೋಡ ಬಂದು 540 ಆದರೆ ತಲಾ 180ಕ್ಕೆ ಇಳಿಸಬಹುದು. ಬಿಸಿಲು ದಂಡವಾಗದು.

ಇನ್ನೂ ಕೆಳಗೆ ಏಕೆ ಇಳಿಸಬಾರದು? ಸೋಲಾರ್ ಪಂಪಿನವರೇ ಉತ್ತರ ಹೇಳಿಯಾರು. ಬಿಸಿಲು ತೀರಾ ಮಂಕಾದಾಗ ಮೋಟಾರು ತಿರುಗುತ್ತಲೇ ಇರುತ್ತದೆ, ಮೇಲಿನ ಟ್ಯಾಂಕಿಗೆ ಮಾತ್ರ ನೀರು ಹತ್ತುವುದಿಲ್ಲ. ಎತ್ತರ ವೇಗದ ವರ್ಗದಂತೆ ಇಳಿಯುವುದೇ ಇದಕ್ಕೆ ಕಾರಣ. ದೊಡ್ಡ ಯಂತ್ರಕ್ಕೂ ಇದೇ ಮಿತಿ.

ಟರ್ಬೈನಾಗಿ ಓಡುವಾಗಲೂ ಅನುಕೂಲವಿದೆ. ನೀರಿನ ಮಟ್ಟ ಇಳಿದಾಗ ಅಥವಾ ಅರ್ಧ ಹೊರೆಯಲ್ಲಿ ಓಡಿಸುವಾಗ, ಆ ಸ್ಥಿತಿಗೆ ತಕ್ಕ ವೇಗಕ್ಕೆ ತಂದುಕೊಂಡರೆ ಅದೇ ನೀರಿನಿಂದ ಹೆಚ್ಚು ಯೂನಿಟ್ ಬರುತ್ತದೆ, ಯಂತ್ರದ ನಡುಕವೂ ಕಡಿಮೆ. ತುಂಗಭದ್ರೆಯ ಅಣೆಕಟ್ಟಿನ ಮೇಲೆ ನಮ್ಮ ಸದಸ್ಯರು ಆಡಿದ ಮಾತು ಇದೇ ಅಲ್ಲವೇ? ಅವರು ಎಂಜಿನಿಯರಲ್ಲ, ಆದರೆ ನೀರಿಗೆ ತಕ್ಕಂತೆ ಯಂತ್ರ ತಿರುಗಬೇಕೆಂಬ ಅವರ ತರ್ಕ ಸರಿಯಾಗಿತ್ತು.

ಹೊರಗಿನ ಅನುಭವ, ನಮ್ಮ ಟೆಹ್ರಿ

ಈ ಯಂತ್ರ ಪ್ರಯೋಗದ ಹಂತದ್ದೇನಲ್ಲ. ಜಪಾನಿನ ಯಾಗಿಸಾವಾದಲ್ಲಿ 1990ರಲ್ಲಿಯೂ, ಓಕಾವಾಚಿಯಲ್ಲಿ 1993ರಲ್ಲಿ 400 ಮೆಗಾವಾಟಿನ ದೊಡ್ಡ ಗಾತ್ರದಲ್ಲಿಯೂ ಇದು ಕೆಲಸಕ್ಕೆ ಇಳಿಯಿತು. ಅಲ್ಲಿಯ ಅಗತ್ಯ ಬೇರೆ. ಪರಮಾಣು ಕೇಂದ್ರಗಳು ರಾತ್ರಿಯೂ ಒಂದೇ ಸಮನೆ ಓಡುತ್ತಿದ್ದುವಾಗಿ, ರಾತ್ರಿ ನೀರೆತ್ತುತ್ತಲೇ ಜಾಲದ ಆವರ್ತವನ್ನು ಹದದಲ್ಲಿಡಬೇಕಿತ್ತು. ಜರ್ಮನಿಯ ಗೋಲ್ಡಿಸ್ಥಾಲ್ ಕೇಂದ್ರದಲ್ಲಿ ಒಟ್ಟು ನಾಲ್ಕು ಯಂತ್ರ. ಅವುಗಳಲ್ಲಿ ಎರಡು ಮಾತ್ರ ವೇಗ ಬದಲಿಸುವಂಥವು, ಉಳಿದೆರಡು ಒಂದೇ ವೇಗದವು. ಸ್ವಿಟ್ಜರ್ಲೆಂಡಿನ ಲಿಂಥಾಲ್‌ನಲ್ಲಿ 250 ಮೆಗಾವಾಟಿನ ನಾಲ್ಕು, 2022ರಲ್ಲಿ ಆರಂಭವಾದ ನಾಂ ದ ದ್ರಾಂಸ್‌ನಲ್ಲಿ 150 ಮೆಗಾವಾಟಿನ ಆರು, ಎಲ್ಲವೂ ವೇಗ ಬದಲಿಸುವಂಥವೇ.

ನಮ್ಮ ದೇಶದಲ್ಲಿ ನಾಗಾರ್ಜುನಸಾಗರ, ಶ್ರೀಶೈಲ ಎಡದಂಡೆ, ತಮಿಳುನಾಡಿನ ಕಡಂಪಾರೈ, ಪಶ್ಚಿಮ ಬಂಗಾಳದ ಪುರುಲಿಯಾ ಮೊದಲಾದ ಕಡೆ ಎತ್ತಿ ಇಳಿಸುವ ಕೇಂದ್ರಗಳು ಬಹಳ ಹಿಂದಿನಿಂದ ಇವೆ. ವೇಗ ಬದಲಿಸುವ ಯಂತ್ರ ಮೊದಲು ಬಂದದ್ದು ಉತ್ತರಾಖಂಡದ ಟೆಹ್ರಿಗೆ. 250 ಮೆಗಾವಾಟಿನ ನಾಲ್ಕು ಯಂತ್ರಗಳು. ಮೊದಲನೆಯದು 2025ರಲ್ಲಿ ಉತ್ಪಾದನೆ ಆರಂಭಿಸಿತು. ಟೆಹ್ರಿಗೆ ಅದು ಅನಿವಾರ್ಯವಾಗಿತ್ತು. ಅಲ್ಲಿಯ ಮೇಲಿನ ಜಲಾಶಯ ಸಮುದ್ರಮಟ್ಟದಿಂದ 830 ಮೀಟರಿಗೆ ತುಂಬಿ 740 ಮೀಟರಿನವರೆಗೆ ಇಳಿಯುತ್ತದೆ. ಕೆಳಗಿನ ಕೋಟೇಶ್ವರ ಜಲಾಶಯದ ತುಂಬಿದ ಮಟ್ಟ 612 ಮೀಟರಿನಷ್ಟು. ಹೀಗಾಗಿ ನೀರೆತ್ತಬೇಕಾದ ಎತ್ತರ ಒಂದು ಕಾಲದಲ್ಲಿ 220 ಮೀಟರಿಗೆ ಹತ್ತಿರ, ಇನ್ನೊಂದು ಕಾಲದಲ್ಲಿ 130 ಮೀಟರಿಗೆ ಹತ್ತಿರ. ಇಷ್ಟು ಅಂತರವನ್ನು ಒಂದೇ ವೇಗದ ಪಂಪು ತಾಳಿಕೊಳ್ಳಲಾರದು.

ಶರಾವತಿಯ ಮಾತು

ಈಗ ನಮ್ಮ ಮನೆಯ ವಿಷಯ. ಕರ್ನಾಟಕ ವಿದ್ಯುತ್ ನಿಗಮದ ಶರಾವತಿ ಯೋಜನೆ 2000 ಮೆಗಾವಾಟಿನದು, 250 ಮೆಗಾವಾಟಿನ ಎಂಟು ಯಂತ್ರಗಳು. ಮೇಲಿನ ಕೆರೆ ತಳಕಳಲೆ, ಕೆಳಗಿನದು ಗೇರುಸೊಪ್ಪ. ಎರಡೂ ಈಗಾಗಲೇ ಇರುವ ಜಲಾಶಯಗಳು. ನಡುವಿನ ಎತ್ತರ 400 ಮೀಟರಿಗೂ ಮಿಕ್ಕು. ನಮ್ಮ ಸೂತ್ರದಂತೆ ಸಾವಿರ ಲೀಟರಿಗೆ ಒಂದು ಯೂನಿಟ್ಟಿಗಿಂತ ಹೆಚ್ಚು. ಇದು ಯೋಜನೆಯ ಪರವಾದ ಮಾತು. ಆದರೆ ಸುರಂಗ, ನೆಲದೊಳಗಿನ ವಿದ್ಯುದಾಗಾರ, ರಸ್ತೆ, ಲೈನು ಇವು ಹಾಯುವುದು ಸಿಂಗಳೀಕಗಳಿಗಾಗಿಯೇ ಕಾಯ್ದಿಟ್ಟ ಅಭಯಾರಣ್ಯದ ನಡುವೆ. 2025ರ ಸೆಪ್ಟೆಂಬರಿನಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಸಾಗರ, ಹೊನ್ನಾವರ ಕಡೆಯ ಜನ ಬಲವಾದ ವಿರೋಧ ಹೇಳಿದರು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಮನೆ ಮಠ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ಇರುವ ಸೀಮೆ ಅದು. ಅವರ ಮಾತನ್ನು ಅಭಿವೃದ್ಧಿಯ ವಿರೋಧವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಯೋಜನೆ ಬೇಕೆ ಬೇಡವೆ ಎಂಬ ತೀರ್ಪನ್ನು ಈ ಪತ್ರಿಕೆಯ ಪುಟದಲ್ಲಿ ಕೊಡುವ ಅಧಿಕಾರ ನಮಗಿಲ್ಲ. ನಮ್ಮ ಸದಸ್ಯರಲ್ಲಿಯೇ ಎರಡು ಅಭಿಪ್ರಾಯಗಳಿವೆ. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಕಾಡು ಕಡಿದು, ಬೆಟ್ಟ ಕೊರೆದು ಮಾಡಿದ ಮೇಲೆ ಅದು ಐವತ್ತು ವರ್ಷದ ಕೆಲಸ. ಹೋದ ಕಾಡು ಎರಡನೆಯ ಸಲ ಸಿಗುವುದಿಲ್ಲ. ಹಾಗಿದ್ದಮೇಲೆ ಅದರೊಳಗೆ ಕೂರಿಸುವ ಯಂತ್ರ, ಮಧ್ಯಾಹ್ನದ ಬಿಸಿಲನ್ನು ಹನಿ ಚೆಲ್ಲದಂತೆ ಹಿಡಿಯಬಲ್ಲದ್ದೇ ಎಂದು ಕೇಳುವ ಹಕ್ಕು ನಮಗಿದೆ. ಕೇಳುವವರು ಮಾತ್ರ ಕಡಿಮೆ. ಎಷ್ಟು ಎಕರೆ, ಎಷ್ಟು ಮರ, ಎಷ್ಟು ಕೋಟಿ ಎಂದು ಎಲ್ಲರೂ ಕೇಳುತ್ತಾರೆ. ಯಂತ್ರ ಎಂಥದ್ದು ಎಂದು ಕೇಳುವುದಿಲ್ಲ.

ಕೇಳುವಾಗ ಎರಡೂ ಕಡೆಯ ನ್ಯಾಯ ತಿಳಿದಿರಬೇಕು. ವೇಗ ಬದಲಿಸುವ ಯಂತ್ರಕ್ಕೆ ಬೆಲೆ ಹೆಚ್ಚು. ಅದರ ರೋಟರು ಜಟಿಲ, ಕನ್ವರ್ಟರಿಗೆ ನೆಲದೊಳಗೆ ಹೆಚ್ಚಿನ ಜಾಗ ಬೇಕು, ಸ್ಲಿಪ್ ರಿಂಗು ಬ್ರಷ್ಷುಗಳ ಉಸಾಬರಿಯಿದೆ. ಟೆಹ್ರಿಯಲ್ಲಿದ್ದ ಅನಿವಾರ್ಯ ಶರಾವತಿಯಲ್ಲಿ ಇಲ್ಲ: 400 ಮೀಟರಿಗೂ ಮಿಕ್ಕ ಎತ್ತರದಲ್ಲಿ ಕೆರೆಯ ಮಟ್ಟ ಕೆಲವು ಮೀಟರ್ ಏರಿಳಿದರೆ ಪಂಪಿಗೆ ಅದು ಲೆಕ್ಕಕ್ಕಿಲ್ಲ. ಅಲ್ಲದೆ ಪಕ್ಕದಲ್ಲಿಯೇ 1035 ಮೆಗಾವಾಟಿನ ಹಳೆಯ ಶರಾವತಿ ವಿದ್ಯುದಾಗಾರವಿದೆ. ಕ್ಷಣದಲ್ಲಿ ಏರಿಳಿಸಬಲ್ಲ ಆ ಯಂತ್ರಗಳೇ ಜಾಲದ ಹದ ನೋಡಿಕೊಳ್ಳುತ್ತವೆ ಎಂದು ಎಂಜಿನಿಯರರು ಹೇಳಬಹುದು. ಅದಕ್ಕೆ ನಮ್ಮ ಮರುಮಾತು: ಆ ಯಂತ್ರಗಳಿಗೆ ಲಿಂಗನಮಕ್ಕಿಯಲ್ಲಿ ನೀರಿದ್ದರೆ ತಾನೇ? ಬರದ ವರ್ಷ ಅದೇ ನೀರನ್ನು ಕಾಪಾಡಿಕೊಳ್ಳಬೇಕು. ಎತ್ತಿ ಇಳಿಸುವ ಕೇಂದ್ರವಾದರೋ ಅದೇ ನೀರನ್ನು ತಿರುಗಿ ತಿರುಗಿ ಬಳಸುತ್ತದೆ. ಎಂಟಕ್ಕೆ ಎಂಟೂ ಬೇಕಿಲ್ಲ. ಗೋಲ್ಡಿಸ್ಥಾಲಿನವರಂತೆ ಅರ್ಧದಷ್ಟೋ, ಮೂರೋ ವೇಗ ಬದಲಿಸುವಂಥವಾದರೂ ಮೆಟ್ಟಿಲಿನಂತಿರುವ ಹೊರೆ ಇಳಿಜಾರಿನಂತಾಗುತ್ತದೆ.

ತೋಟಗಾರರು ಕೇಳಬೇಕಾದದ್ದು

ಶರಾವತಿಯಾಗಲಿ, ಸಂಡೂರಿನಂಥ ಬೆಟ್ಟವಾಗಲಿ, ಮುಂದೆ ಎಲ್ಲಿಯೇ ಇಂಥ ಯೋಜನೆಯ ಸಭೆ ನಡೆದರೂ ನಮ್ಮವರು ಎದ್ದುನಿಂತು ಕೇಳಬೇಕಾದ ಪ್ರಶ್ನೆಗಳು ಮೂರು. ಮೊದಲನೆಯದು, ಎಷ್ಟು ಯಂತ್ರಗಳು ವೇಗ ಬದಲಿಸುವಂಥವು. ಒಂದೂ ಇಲ್ಲವಾದರೆ ಕಾರಣವೇನು? ಎರಡನೆಯದು, ನೀರೆತ್ತುವ ವಿದ್ಯುತ್ತು ಮಧ್ಯಾಹ್ನದ ಬಿಸಿಲಿನದೋ, ರಾತ್ರಿಯ ಕಲ್ಲಿದ್ದಲಿನದೋ? ಎರಡನೆಯದಾದರೆ ಅದು ಹಸಿರು ವಿದ್ಯುತ್ತು ಹೇಗಾದೀತು? ಮೂರನೆಯದು, ಕಣಿವೆಯವರಿಗೆ ಇದರಿಂದ ಹಗಲು ಹೊತ್ತಿನ ತ್ರೀಫೇಸ್ ಸಿಗುತ್ತದೆಯೇ, ಅಥವಾ ಲೈನು ತಲೆಯ ಮೇಲೆ ಹಾದುಹೋಗುತ್ತದೆ ಅಷ್ಟೇಯೋ?

ನಮ್ಮ ಕಡೆಯಿಂದಲೂ ಒಂದು ಕೆಲಸ ಆಗಬೇಕು. ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್ಟುಗಳಿವೆ. ಮಧ್ಯಾಹ್ನದ ವಿದ್ಯುತ್ತನ್ನು ಬೆಟ್ಟಕ್ಕೆತ್ತಿ ನಾಲ್ಕರಲ್ಲಿ ಒಂದು ಪಾಲು ಕಳೆದುಕೊಳ್ಳುವ ಮೊದಲು, ಅದೇ ಹೊತ್ತಿನಲ್ಲಿ ನಮ್ಮ ಪಂಪುಗಳನ್ನು ಓಡಿಸಿ ತೋಟದ ಕೆರೆಯನ್ನೋ ಟ್ಯಾಂಕನ್ನೋ ತುಂಬಿಕೊಂಡರೆ ಆ ನಷ್ಟವೇ ಇಲ್ಲ. ರಾತ್ರಿ ಹೊತ್ತು ಟಾರ್ಚು ಹಿಡಿದು ಹಾವಿಗೆ ಹೆದರುತ್ತಾ ಜೆಟ್ ಬದಲಿಸುವ ಕಷ್ಟವೂ ತಪ್ಪುತ್ತದೆ. ಹಗಲು ಏಳು ಗಂಟೆ ನಿಶ್ಚಿತವಾಗಿ ಕೊಡಿ, ರಾತ್ರಿಯದನ್ನು ನಾವು ಕೇಳುವುದಿಲ್ಲ ಎಂದು ಹೇಳಲು ನಮ್ಮ ಸದಸ್ಯರು ಸಿದ್ಧರಿದ್ದಾರೆಯೇ? ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಲು ಯೋಚಿಸಿದ್ದೇವೆ.

ಹಂಪಿಯಿಂದ ಹೊರಡುವ ಮುನ್ನ ವಿಜಯನಗರದ ಕಾಲದ ತುರ್ತಾ ಕಾಲುವೆಯ ದಡದಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದೆವು. ಅಂದು ಹೊಳೆಗೆ ಅಡ್ಡ ಹಾಕಿದ ಕಟ್ಟಿನಿಂದ ಇಂದೂ ಬಾಳೆತೋಟಗಳಿಗೆ ನೀರು ಹರಿಯುತ್ತಿದೆ. ಅದರಲ್ಲಿ ಯಂತ್ರವಿಲ್ಲ, ಮೋಟಾರಿಲ್ಲ. ಹೊಳೆಯಲ್ಲಿ ನೀರು ಎಷ್ಟಿದೆಯೋ ನೋಡಿಕೊಂಡು ತೂಬು ಎತ್ತುವುದು, ಇಳಿಸುವುದು, ಅಷ್ಟೇ. ನೀರಿಗೆ ತಕ್ಕಂತೆ ನಡೆದುಕೊಂಡದ್ದರಿಂದಲೇ ಅದು ಐದುನೂರು ವರ್ಷ ಬಾಳಿತು. ಹೊಸ ಯಂತ್ರದ ಗುಣವೂ ಇದೇ. ಹಿರಿಯ ಸದಸ್ಯರು ಅಂದು ಕೇಳಿದ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಹೇಳಿದ್ದೇವೆಂದು ಭಾವಿಸಿದ್ದೇವೆ. ಲಾಭ ಯಾರಿಗೆ ಎಂದು ಅವರು ಕೇಳಿದ್ದರು. ಅದು, ಕಟ್ಟುವ ಮೊದಲು ನಾವು ಏನೇನು ಕೇಳುತ್ತೇವೆ ಎಂಬುದರ ಮೇಲೆ ನಿಂತಿದೆ.